ಮನೆ ಸಾಮಾನಿನ ಆಡಿಟ್ಟು

ಪ್ಯಾಕರ್ಸ್ ಅಂಡ್ ಮೂವರ್ಸ್‌ನವರನ್ನು ಗೊತ್ತುಮಾಡುವವರಲ್ಲಿ ಎರಡು ಜಾತಿ. ದುಡ್ಡು ಕೊಟ್ಟಾಯಿತಲ್ಲ ಎಂದು ಕಾಲಮೇಲೆ ಕಾಲು ಹಾಕಿ ಕೂತು, ಕಡೆಗೆ ತಾವು ಕೂತ ಕುರ್ಚಿಯನ್ನೇ ಅವರು ಕೇಳಿದಾಗ ಏಳುವವರು ಒಂದು. ದುಡ್ಡು ಕೊಟ್ಟಾಯಿತಲ್ಲ, ಇನ್ನು ಕಣ್ಣು ಮಿಟುಕಿಸುವ ಹಾಗಿಲ್ಲ ಎನ್ನುವವರು ಇನ್ನೊಂದು. ನಮ್ಮ ಕೆಳಗಿನ ಮನೆಯ ರಾಯರು ಎರಡನೆಯ ಜಾತಿಯವರು. ಆ ಜಾತಿಗೊಂದು ಮಠ ಇದ್ದಿದ್ದರೆ ಪೀಠಕ್ಕೆ ಬೇರೆ ಹೆಸರೇ ಬರುತ್ತಿರಲಿಲ್ಲ.

ರಾಯರು ಎ.ಜಿ. ಆಫೀಸಿನ ಆಡಿಟ್ಟಿನಲ್ಲಿದ್ದು ನಿವೃತ್ತರಾದವರು. ನಿವೃತ್ತರಾದದ್ದು ಆಫೀಸಿನಿಂದ, ಆಡಿಟ್ಟಿನಿಂದಲ್ಲ. ಅವರು ಬರುವುದು ಕಂಡರೆ ಗಾಂಧಿಬಜಾರಿನ ತರಕಾರಿಯವರ ತಕ್ಕಡಿ ತಾನಾಗಿ ನೆಟ್ಟಗಾಗುತ್ತದೆ. ಬಸವನಗುಡಿಯ ಬಾಡಿಗೆ ಮನೆಯಲ್ಲಿ ಮಕ್ಕಳನ್ನು ಬೆಳೆಸಿ, ಓದಿಸಿ, ಮದುವೆ ಮಾಡಿದ ಮೇಲೆ ಈಗ ಮಗ ಕನಕಪುರ ರಸ್ತೆಯಲ್ಲಿ ಫ್ಲ್ಯಾಟು ಕೊಂಡಿದ್ದ. ಇಲ್ಲಿಂದ ಅಲ್ಲಿಗೆ ಹತ್ತು ಹನ್ನೆರಡು ಕಿಲೋಮೀಟರು. ರಾಯರ ಸಿದ್ಧತೆ ನೋಡಿದವರು ಕಾಶಿಗೋ ಕೆನಡಾಕ್ಕೋ ಎಂದು ಕೇಳುತ್ತಿದ್ದರು.

ಪಂಚಾಂಗ ನೋಡುವ ಮನೆಗಳಲ್ಲಿ ಆಷಾಢದಲ್ಲಿ ಮನೆ ಬದಲಿಸುವುದಿಲ್ಲ. ರಾಯರೂ ನೋಡುವವರೇ, ಆದರೆ ಅವರು ಪಂಚಾಂಗವನ್ನೂ ನಿಯಮಾವಳಿಯಂತೆ ಓದುತ್ತಾರೆ, ಉಪನಿಯಮ ಎಲ್ಲಿದೆ ಎಂದು. ಜ್ಯೇಷ್ಠ ಮುಗಿಯುವ ಮೊದಲೇ ಒಂದು ಗುರುವಾರ ಹೊಸ ಫ್ಲ್ಯಾಟಿನಲ್ಲಿ ಹಾಲುಕ್ಕಿಸಿ, ದೇವರ ಪಟ, ಅಕ್ಕಿ, ಬೇಳೆ, ಉಪ್ಪು, ಅರಿಶಿನ ಇಟ್ಟು ಬೀಗ ಹಾಕಿಕೊಂಡು ಬಂದರು. ಶಾಸ್ತ್ರದ ಲೆಕ್ಕಕ್ಕೆ ಅವರು ಆವತ್ತೇ ಅಲ್ಲಿಯ ನಿವಾಸಿಗಳು. ಉಳಿದದ್ದು ಬರೀ ಸಾಗಣೆ. ಸಾಗಣೆಗೆ ಆಷಾಢ ತಟ್ಟುವುದಿಲ್ಲ. ಇದರಲ್ಲಿ ಇನ್ನೊಂದು ಲಾಭವಿತ್ತು. "ಆಷಾಢ ಅಂತ ಸೀರೆ ಅಂಗಡಿಯವರೇ ಅರ್ಧ ಬೆಲೆಗೆ ಕೊಡ್ತಾರೆ, ನಿಮ್ಮದೆಷ್ಟು ಡಿಸ್ಕೌಂಟು?" ಎಂದು ಅವರು ಪ್ಯಾಕರ್ಸ್‌ನವರಿಗೆ ಫೋನಿನಲ್ಲಿ ಕೇಳುವುದು ಮೇಲಿನ ಮನೆಯ ನನಗೂ ಕೇಳುತ್ತಿತ್ತು. ಆ ಕಡೆಯವರು ಸೀರೆಗೂ ಲಾರಿಗೂ ಇರುವ ವ್ಯತ್ಯಾಸ ಹೇಳಲು ಹೋಗಿ ಸೋತು, ಐನೂರು ರೂಪಾಯಿ ಬಿಟ್ಟರು.

ಮೂರು ಕೊಟೇಶನ್ನಿಲ್ಲದೆ ರಾಯರು ಪೊರಕೆ ಕೊಂಡವರಲ್ಲ. ಕಾಗದಕ್ಕೆ ಗೆರೆ ಎಳೆದು ತುಲನಾ ಪಟ್ಟಿ ಮಾಡಿದರು. ಮೊದಲನೆಯವನ ಜಿಎಸ್‌ಟಿ ನಂಬರಿನ ಅಕ್ಷರ ಅಂಕಿಗಳನ್ನು ಎಣಿಸಿದರೆ ಹದಿನೈದು ಇರಬೇಕಾದಲ್ಲಿ ಹದಿನಾಲ್ಕಿತ್ತು. ಎರಡನೆಯವನದು ಹದಿನೈದೇನೋ ಇತ್ತು, ಆದರೆ ಕರ್ನಾಟಕದ 29ರಿಂದ ಶುರುವಾಗಿರಲಿಲ್ಲ. ಅಂಗಡಿ ಬಸವನಗುಡಿಯಿಂದ ಕೂಗಳತೆಯಲ್ಲಿದೆ ಎಂದು ಹೇಳಿಕೊಂಡವನು ಅವನು. ಈ ವಿಷಯದಲ್ಲಿ ನಾನು ರಾಯರನ್ನು ನೋಡಿ ನಗಲಾರೆ. ಹೆಸರಾದ ಕಂಪನಿಯ ಹೆಸರಿಗೆ ಒಂದಕ್ಷರ ಕೂಡಿಸಿಯೋ ಕಳೆದೋ ಬೋರ್ಡು ಬರೆಸಿಕೊಂಡವರು ಈ ವ್ಯಾಪಾರದಲ್ಲಿ ಬೇಕಾದಷ್ಟಿದ್ದಾರೆ. ಕಡಿಮೆ ದರ ಹೇಳಿ, ಸಾಮಾನು ಹತ್ತಿಸಿಕೊಂಡ ಮೇಲೆ ದಾರಿಯಲ್ಲಿ ಗಾಡಿ ನಿಲ್ಲಿಸಿ ದರ ಏರಿಸುವವರ ಪೈಕಿ ಯಾರೂ ಹದಿನೈದು ಅಕ್ಷರ ಎಣಿಸುವ ಗಿರಾಕಿಯನ್ನು ಇಷ್ಟಪಡುವುದಿಲ್ಲ. ಉಳಿದ ಮೂರನೆಯವರಿಗೆ, ಶೇಕಡಾ 18 ತೆರಿಗೆಯ ಬಗ್ಗೆ ಒಂದು ನಿಟ್ಟುಸಿರಿನೊಡನೆ, ಕೆಲಸ ಸಿಕ್ಕಿತು.

ಸರ್ವೆಗೆ ಬಂದ ಹುಡುಗ ಮೊಬೈಲು ಹಿಡಿದು ಹಾಲು, ಎರಡು ರೂಮು, ಅಡುಗೆಮನೆ ಎಂದು ಒಂದು ಸುತ್ತು ಬಂದು, "ಹದಿನಾಲ್ಕು ಅಡಿ ಗಾಡಿ ಸಾಕು ಸಾರ್" ಎಂದ. ರಾಯರಿಗೆ ಅವಮಾನವಾಯಿತು. ಒಂದು ಸಂಸಾರದ ಇಡೀ ಗಳಿಕೆಯನ್ನು ಚಪ್ಪಲಿ ಬಿಚ್ಚಿ ಹಾಕಿಕೊಳ್ಳುವಷ್ಟರಲ್ಲಿ ಅಳೆದುಬಿಟ್ಟನಲ್ಲ!

"ಅಟ್ಟ ನೋಡಿದ್ರಾ?" ಎಂದರು, ತಣ್ಣಗೆ.

ಹುಡುಗ ಏಣಿ ಹತ್ತಿದ. ಇಳಿಯುವಾಗ ಅವನ ಮುಖ ಬೇರೆಯಾಗಿತ್ತು. ಅಲ್ಲಿ ತಾಮ್ರದ ಹಂಡೆ, ಒರಳುಕಲ್ಲು, ಮೂರು ತಲೆಮಾರು ಅತ್ತ ತೊಟ್ಟಿಲು, 'ಸುಧಾ'ದ ಧಾರಾವಾಹಿಗಳನ್ನು ವಾರವಾರ ಕಿತ್ತು ದಾರದಲ್ಲಿ ಹೊಲಿದ ಸಂಪುಟಗಳು, ಇವೆಲ್ಲ ಒಂದು ಕಡೆ. ಇನ್ನೊಂದು ಕಡೆ ಖಾಲಿ ಡಬ್ಬಗಳು. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ಹೊಟ್ಟೆ ಮುಂದಕ್ಕೆ ಬಂದ ಹಳೇ ಟೀವಿ, ಎಲ್ಲದರ ಅಸಲಿ ಡಬ್ಬ, ಥರ್ಮೊಕೋಲಿನ ಸಮೇತ. ಟೀವಿ ತೀರಿಕೊಂಡು ಕಾಲವಾಗಿದೆ; ಡಬ್ಬ ಆರೋಗ್ಯವಾಗಿದೆ. ಮಿಕ್ಸಿ ಗುಜರಿಗೆ ಹೋದರೂ ಡಬ್ಬ ಹೋಗಲಿಲ್ಲ, ಯಾಕೆಂದರೆ "ಡಬ್ಬ ಇದ್ರೆ ವಾರಂಟಿ ಕೇಳಬಹುದು." ಹುಡುಗ ಹದಿನಾಲ್ಕನ್ನು ಹೊಡೆದು ಹದಿನೇಳು ಅಡಿ ಎಂದು ಬರೆದ. ದರ ಏರಿತು, ಆದರೂ ರಾಯರು ಗೆದ್ದವರ ಮುಖದಲ್ಲಿದ್ದರು.

ಆಮೇಲೆ ಟ್ರಾನ್ಸಿಟ್ ಇನ್ಶೂರೆನ್ಸಿನ ಫಾರಂ ಬಂತು. ಪ್ರತಿ ಸಾಮಾನಿನ ಎದುರಿಗೆ ಬೆಲೆ ತುಂಬಬೇಕು. ಬೇರೆಯವರಾಗಿದ್ದರೆ ಸೋಫಾಕ್ಕೆ ಇಷ್ಟು, ಫ್ರಿಜ್ಜಿಗೆ ಅಷ್ಟು ಎಂದು ಗೀಚಿ ಮುಗಿಸುತ್ತಿದ್ದರು. ರಾಯರ ಹತ್ತಿರ ಎಲ್ಲದರ ರಸೀದಿಯಿತ್ತು. ರಸೀದಿಯ ಬೆಲೆಗೆ ವರ್ಷಾವಾರು ಸವಕಳಿ ಕಳೆದುಕೊಂಡು ಬಂದರು. ಸ್ಟೀಲ್ ಬೀರು ಸೊನ್ನೆ. ತಂದೆಯ ಕಾಲದ ತೇಗದ ಆರಾಮಕುರ್ಚಿ ಸೊನ್ನೆಗಿಂತ ಕೆಳಗೆ ಹೋಗುವುದರಲ್ಲಿತ್ತು, ನಿಲ್ಲಿಸಿದರು. ಅಡುಗೆಮನೆಯ ಒಟ್ಟು ಮೊತ್ತ ಕಂಡು ಅವರ ಹೆಂಡತಿ ಸೌಟು ಹಿಡಿದೇ ಹಾಲಿಗೆ ಬಂದರು.

"ರೀ, ನಾನು ಇಷ್ಟು ವರ್ಷ ಬೇಯಿಸಿ ಹಾಕಿದ್ದು ನಾಲ್ಕು ಸಾವಿರದ ಅಡುಗೆಮನೇಲಾ?"

"ಪುಸ್ತಕದ ಬೆಲೆ ಕಣೇ ಅದು."

"ಆ ಪುಸ್ತಕಾನೇ ರಾತ್ರಿ ಬಡಿಸ್ತೀನಿ."

ಅಡುಗೆಮನೆ ಪುನರ್ಮೌಲ್ಯಮಾಪನಗೊಂಡಿತು. ಒಡವೆ, ನಗದು, ಕಾಗದಪತ್ರ ವಿಮೆಗೆ ಒಳಪಡುವುದಿಲ್ಲ ಎಂದು ಅಡಿಯಲ್ಲಿ ಸಣ್ಣಕ್ಷರದಲ್ಲಿತ್ತು. ಸಣ್ಣಕ್ಷರ ಓದುವುದಕ್ಕೆಂದೇ ರಾಯರ ಬಳಿ ಭೂತಗನ್ನಡಿ ಇದೆ, ಓದಿದರು. ಆದರೆ ಅದರ ಕೆಳಗೆ ಇನ್ನೂ ಒಂದು ಸಾಲಿತ್ತು. ಅದು ಮಡಿಕೆಯಲ್ಲಿ ಬಿದ್ದು ಭೂತಗನ್ನಡಿಗೆ ಸಿಗಲಿಲ್ಲ. ಅದರ ಫಲ ಮುಂದೆ ಬರುತ್ತದೆ.

ಕಂಪನಿಯವರೇ ಬಂದು ಕಟ್ಟುತ್ತಾರೆ, ರಟ್ಟಿನ ಪೆಟ್ಟಿಗೆ ಟೇಪು ಎಲ್ಲಾ ಅವರದೇ ಎಂದು ಮಗ ಫೋನಿನಲ್ಲಿ ಹೇಳಿದ್ದಷ್ಟೂ ಸಲ ರಾಯರು "ಸರಿ ಸರಿ" ಎಂದರು. ಹಾಗೆ ಅಂದು, ಕಿರಾಣಿ ಅಂಗಡಿಯಿಂದ ರಟ್ಟಿನ ಪೆಟ್ಟಿಗೆ ಹೊರಿಸಿಕೊಂಡು ಬಂದು ತಾವೇ ಕಟ್ಟತೊಡಗಿದರು. ಪೆಟ್ಟಿಗೆಗೊಂದು ಸಂಕೇತ: 'ಅಮ-ಪೂ-3' ಎಂದರೆ ಅಡುಗೆಮನೆ, ಪೂರ್ವದ ಗೋಡೆ, ಮೂರನೆಯ ಕಪಾಟು. ಹೊಸ ಫ್ಲ್ಯಾಟಿನ ಅಡುಗೆಮನೆ ಪೂರ್ವಕ್ಕೆ ಹಾಲಿನೊಳಗೇ ತೆರೆದುಕೊಂಡಿದೆ, ಅಲ್ಲಿ ಗೋಡೆಯೇ ಇಲ್ಲ ಎಂದು ಹೆಂಡತಿ ನೆನಪಿಸಿದಾಗ, "ಅದು ಬಿಲ್ಡರಿನ ಲೋಪ" ಎಂದು ಷರಾ ಬರೆದುಕೊಂಡರು. ಒಂದೊಂದು ಲೋಟವನ್ನೂ ಹಳೇ ಪತ್ರಿಕೆಯಲ್ಲಿ ಸುತ್ತುವ ಮೊದಲು ಆ ಹಾಳೆ ಓದಬೇಕಲ್ಲ? ಓದುತ್ತಿದ್ದರು. ಎಂದೋ ಬಿದ್ದುಹೋದ ಸರ್ಕಾರದ ವಿಶ್ವಾಸಮತದ ಸುದ್ದಿ ಮುಗಿಯುವವರೆಗೆ ಕಾಫಿ ಲೋಟ ಕಾಯುತ್ತಿತ್ತು. ದಸರಾ ಗೊಂಬೆಗಳನ್ನು ಮಾತ್ರ ಅವರಿಗೆ ಮುಟ್ಟಲು ಬಿಡಲಿಲ್ಲ. ಪಟ್ಟದ ಗೊಂಬೆಗಳಿಗೆ ಹಳೇ ಪಂಚೆ ಸುತ್ತುವ ಹಕ್ಕು ಆ ಮನೆಯಲ್ಲಿ ಅತ್ತೆಯಿಂದ ಸೊಸೆಗೆ ಬಂದದ್ದು.

ಸಾಗಣೆಯ ದಿನ ಬೆಳಿಗ್ಗೆ ಸೂಪರ್‌ವೈಸರ್ ಹುಡುಗರೊಂದಿಗೆ ಬಂದ. ಹಾಲಿನ ತುಂಬ ಕಟ್ಟಿಟ್ಟ ಪೆಟ್ಟಿಗೆಗಳನ್ನು ನೋಡಿ ತಲೆ ಕೆರೆದುಕೊಂಡ. ಹುಡುಗರು ಬಿಹಾರದವರು ಎಂದು ಗೊತ್ತಾದದ್ದೇ ರಾಯರು ಸೆಟೆದು ನಿಂತರು. ಕೇಂದ್ರ ಸರ್ಕಾರದ ನೌಕರರಾಗಿ ಪ್ರಬೋಧ್, ಪ್ರವೀಣ್, ಪ್ರಾಜ್ಞ ಮೂರೂ ಹಿಂದಿ ಪರೀಕ್ಷೆ ಪಾಸು ಮಾಡಿ ಅದಕ್ಕೆ ಸಿಗುವ ಪ್ರೋತ್ಸಾಹಧನ ತೆಗೆದುಕೊಂಡವರು. ಅದರ ಋಣ ತೀರಿಸಲು ಇಷ್ಟು ವರ್ಷ ಅವಕಾಶ ಸಿಕ್ಕಿರಲಿಲ್ಲ.

"ಕೃಪಯಾ ಇನ್ ಪೇಟಿಕಾವೋಂ ಕೋ ಸಾವಧಾನೀಪೂರ್ವಕ್ ಸ್ಥಾನಾಂತರಿತ್ ಕೀಜಿಯೇ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೂಪರ್‌ವೈಸರ್ ಮುಂದೆ ಬಂದು ಕೈಮುಗಿದ. "ಸಾರ್, ಕನ್ನಡದಲ್ಲೇ ಹೇಳಿ, ಅರ್ಥ ಆಗ್ತದೆ."

ಹಾಗೆ ಕನ್ನಡದಲ್ಲಿ ಅವನು ಹೇಳಿದ ಮೊದಲ ವಿಷಯ ಮಡಿಕೆಯೊಳಗಿನ ಸಾಲಿನದು. "ನೀವು ಕಟ್ಟಿದ್ದಕ್ಕೆ ಇನ್ಶೂರೆನ್ಸ್ ಬರಲ್ಲ ಸಾರ್. ನಾವು ಕಟ್ಟಿದ್ರೆ ಮಾತ್ರ." ರಾಯರು ಫಾರಂ ತೆಗೆದು, ಮಡಿಕೆ ಬಿಡಿಸಿ, ಭೂತಗನ್ನಡಿ ಹಿಡಿದರು. ಸಾಲು ಅಲ್ಲೇ ಇತ್ತು. ನಿಯಮ ಎಂದರೆ ನಿಯಮ. ತಮ್ಮ ಒಂದು ವಾರದ ದುಡಿಮೆಯನ್ನು ತಾವೇ ಬಿಚ್ಚಿಸಲು ನಿಂತರು. ಹುಡುಗರು ಪತ್ರಿಕೆ ಹಾಳೆಗಳನ್ನು ಕಿತ್ತು ಲೋಟಗಳಿಗೆ ಬಬಲ್ ರ‍್ಯಾಪ್ ಸುತ್ತಿದ ವೇಗ ಕಂಡು ಅವರಿಗೆ ಅಪನಂಬಿಕೆ ಹುಟ್ಟಿತು. ಇಷ್ಟು ಬೇಗ ಮಾಡಿದ ಕೆಲಸ ಸರಿಯಾಗಿರಲು ಸಾಧ್ಯವೇ? (ಈ ಗುಳ್ಳೆ ಪ್ಲಾಸ್ಟಿಕ್ಕನ್ನು 1957ರಲ್ಲಿ ಅಮೆರಿಕದಲ್ಲಿ ಇಬ್ಬರು ಮಾಡಿದ್ದು ಗೋಡೆಗೆ ಅಂಟಿಸುವ ಅಲಂಕಾರವಾಗಲೆಂದು. ಗೋಡೆಗೆ ಯಾರೂ ಅಂಟಿಸಲಿಲ್ಲ. ರಾಯರಿಗೆ ಇದನ್ನು ಹೇಳಿದೆ. "ಅಂದ್ರೆ ಅನುದಾನ ಒಂದಕ್ಕೆ, ಬಳಕೆ ಇನ್ನೊಂದಕ್ಕೆ" ಎಂದರು.)

ಆದರೆ ಸೂಪರ್‌ವೈಸರ್ ಕೂಡ ಒಂದು ಕಡೆ ತಲೆಬಾಗಬೇಕಾಯಿತು. ಮುಂದೆ ಬಾಗಿಲಿರುವ ವಾಷಿಂಗ್ ಮೆಷೀನು ಹೊಸದಾಗಿ ಬಂದಾಗ ಅದರ ಡ್ರಮ್ಮು ಅಲುಗಾಡದಂತೆ ಹಿಂದುಗಡೆ ಉದ್ದನೆಯ ಬೋಲ್ಟು ಹಾಕಿರುತ್ತಾರೆ. ಬಳಸುವ ಮೊದಲು ಅವನ್ನು ಬಿಚ್ಚಬೇಕು, ಮತ್ತೆ ಸಾಗಿಸುವಾಗ ಹಾಕಬೇಕು. ಬಿಚ್ಚುವುದನ್ನು ಎಲ್ಲರೂ ಮಾಡುತ್ತಾರೆ. ಆಮೇಲೆ ಆ ಬೋಲ್ಟು ಎಲ್ಲಿ ಹೋಯಿತೆಂದು ಕೇಳಿದರೆ ಗಂಡ ಹೆಂಡತಿ ಪರಸ್ಪರ ಬೆರಳು ತೋರಿಸುತ್ತಾರೆ. ಸೂಪರ್‌ವೈಸರ್ ಅಭ್ಯಾಸಬಲದಿಂದ, ಉತ್ತರ ಗೊತ್ತಿದ್ದೂ, "ಬೋಲ್ಟ್ ಇದೆಯಾ ಸಾರ್?" ಎಂದ. ರಾಯರು ಒಳಗೆ ಹೋಗಿ ಒಂದು ಹಾರ್ಲಿಕ್ಸ್ ಬಾಟಲು ತಂದರು. ಒಳಗೆ ನಾಲ್ಕು ಬೋಲ್ಟು, ಎಣ್ಣೆ ಸವರಿದ್ದು. ಹೊರಗೆ ಚೀಟಿ: ಮೆಷೀನಿನ ಸೀರಿಯಲ್ ನಂಬರು, ಬಿಚ್ಚಿದ ತಾರೀಖು, ಬಿಚ್ಚಿದವನ ಸಹಿ. ಸೂಪರ್‌ವೈಸರ್ ಬಾಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹುಡುಗರನ್ನೆಲ್ಲ ಕರೆದು ತೋರಿಸಿದ. ಅಟ್ಟದಷ್ಟು ಕಸ ಕೂಡಿಟ್ಟವನ ಮನೆಯಲ್ಲೇ ಈ ಬಾಟಲೂ ಸಿಗುವುದು. ನಮ್ಮಂಥವರ ಮನೆಯಲ್ಲಿ ಎರಡೂ ಇರುವುದಿಲ್ಲ.

ಈ ಗೆಲುವು ತಲೆಗೇರಿತೆಂದು ಕಾಣುತ್ತದೆ. ಕಾಫಿ ಫಿಲ್ಟರು, ಪುಡಿ, ಬಿ.ಪಿ. ಮಾತ್ರೆ, ಟವೆಲು, ಬಲ್ಬು ತುಂಬಿ 'ಹೋದ ಕೂಡಲೇ ಬೇಕಾದ್ದು' ಎಂದು ಕೆಂಪಕ್ಷರದಲ್ಲಿ ಬರೆದಿದ್ದ ಪೆಟ್ಟಿಗೆಯನ್ನು ರಾಯರು ಎಲ್ಲಕ್ಕಿಂತ ಮೊದಲು ಹತ್ತಿಸಬೇಕೆಂದರು.

"ಮೊದಲು ಹತ್ತಿದ್ದು ಕೊನೆಗೆ ಇಳೀತದೆ ಸಾರ್."

"ಮುಖ್ಯವಾದದ್ದು ಮೊದಲು," ಎಂದರು ರಾಯರು. ಕೊನೆಗೆ ಬಂದದ್ದು ಮೊದಲು ಹೋಗುವ ಪದ್ಧತಿಯೊಂದು ಲೆಕ್ಕಶಾಸ್ತ್ರದಲ್ಲಿದೆ. ಅದನ್ನು ಅವರು ಸೇವೆಯುದ್ದಕ್ಕೂ ಒಪ್ಪಿದವರಲ್ಲ. ಪೆಟ್ಟಿಗೆ ಕ್ಯಾಬಿನ್ನಿನ ಹಿಂಗೋಡೆಗೆ ಒತ್ತಿ ಕೂತಿತು. ಅದರ ಮುಂದೆ ಸೊನ್ನೆ ಬೆಲೆಯ ಬೀರು ನಿಂತಿತು. ಆ ಸಂಜೆ ರಾಯರು ಕಾಫಿ ಕುಡಿದದ್ದು ಎದುರು ಫ್ಲ್ಯಾಟಿನವರ ಮನೆಯಲ್ಲಿ.

ಹತ್ತುವ ಪ್ರತಿಯೊಂದಕ್ಕೂ ರಾಯರು ಗೇಟಿನಲ್ಲಿ ನಿಂತು ನಂಬರಿನ ಚೀಟಿ ಅಂಟಿಸಿ ಪುಸ್ತಕದಲ್ಲಿ ಬರೆದುಕೊಂಡರು. ಸೂಪರ್‌ವೈಸರ್ ತನ್ನ ಪಟ್ಟಿಯಲ್ಲಿ ಬರೆದುಕೊಂಡ. ಸಾಲಿಗ್ರಾಮದ ಸಂಪುಟ ರಾಯರ ತೊಡೆಯ ಮೇಲೆ, ತುಳಸಿ ಕುಂಡ ಅವರ ಹೆಂಡತಿಯ ಕಾಲಬಳಿ, ಗ್ಯಾಸ್ ಸಿಲಿಂಡರು ನನ್ನ ಕಾರಿನ ಡಿಕ್ಕಿಯಲ್ಲಿ. ತುಂಬಿದ ಸಿಲಿಂಡರನ್ನು ಕಂಪನಿಯವರು ಮುಟ್ಟುವುದಿಲ್ಲ. ಬನಶಂಕರಿ ದಾಟಿ ಮೆಟ್ರೊ ಕಂಬಗಳ ಪಕ್ಕದಲ್ಲಿ ಲಾರಿಯನ್ನು ಕಣ್ಣಿಂದ ಬಿಡದೆ ಹಿಂಬಾಲಿಸಿದೆವು. ಸಿಗ್ನಲ್ಲಿನಲ್ಲಿ ಲಾರಿ ದಾಟಿ ನಾವು ಉಳಿದಾಗ ರಾಯರು ಸಾಲಿಗ್ರಾಮವನ್ನು ಬಿಗಿಯಾಗಿ ಹಿಡಿದುಕೊಂಡರು.

ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ, ಆ್ಯಪ್ಪಿನ ಅನುಮತಿ, ಸರ್ವಿಸ್ ಲಿಫ್ಟಿನ ಸಮಯ, ಸಂಘಕ್ಕೆ ಕಟ್ಟುವ ಶುಲ್ಕ ಇವೆಲ್ಲ ಎಲ್ಲರ ಪಾಡೂ ಹೌದು, ಬಿಡೋಣ. ಸಾಮಾನೆಲ್ಲ ಒಳಗೆ ಬಂದು, ಮಂಚ ಜೋಡಿಸಿ, ಸೂಪರ್‌ವೈಸರ್ ಸಹಿಗೆಂದು ಕಾಗದ ಚಾಚಿದ. ಎಲ್ಲವೂ ಸುಸ್ಥಿತಿಯಲ್ಲಿ ಬಂದಿದೆ, ಒಟ್ಟು 112.

ರಾಯರ ಪುಸ್ತಕದಲ್ಲಿ 113.

"ಅಯ್ಯೋ, ಏನು ಹೋಯ್ತು?" ಎಂದರು ಅವರ ಹೆಂಡತಿ.

"ಏನೂ ಹೋಗಿಲ್ಲ. 113 ಹತ್ತಿದೆ, 113 ಇಳಿದಿದೆ. ಇವರ ಲೆಕ್ಕಕ್ಕಿಂತ ಒಂದು ಹೆಚ್ಚಿದೆ."

"ಹೆಚ್ಚಿದ್ರೆ ಒಳ್ಳೇದೇ ಅಲ್ವಾ ಸಾರ್?" ಎಂದ ಸೂಪರ್‌ವೈಸರ್.

ಆಡಿಟ್ಟಿನವರ ಮುಂದೆ ಆಡಬಾರದ ಮಾತು ಅದು. ಕಡಿಮೆ ಬಿದ್ದರೆ ಒಬ್ಬ ಕಳ್ಳ ಸಿಗುತ್ತಾನೆ. ಹೆಚ್ಚು ಬಿದ್ದರೆ ಇಡೀ ಲೆಕ್ಕವೇ ಕಳ್ಳ. ರಾಯರು ಪೆನ್ನಿನ ಕ್ಯಾಪು ಮುಚ್ಚಿದರು. ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಒಂದರಿಂದ ಓದುತ್ತ ಬಂದರು. ಹುಡುಗರು ಗೋಡೆಗೊರಗಿ ಕೂತರು. 71ಕ್ಕೆ ಬಂದಾಗ ನಿಂತಿತು. ರಾಯರ ಪುಸ್ತಕ: 'ಕಪ್ಪು ಚೀಲ, ಒಂದು, ಭಾರವಾದದ್ದು.' ಸೂಪರ್‌ವೈಸರನ ಪಟ್ಟಿಯಲ್ಲಿ ಅದಿಲ್ಲ.

"ಸಾರ್, ಅದು ನಮ್ಮ ಟೂಲ್ ಬ್ಯಾಗು. ಈಗ ಮಂಚ ಜೋಡಿಸಿದ್ದು ಅದ್ರಿಂದಾನೇ."

ಚೀಲ ತರಿಸಿದರು. ಅದರ ಕಿವಿಗೆ 71ರ ಚೀಟಿ, ರಾಯರದೇ ದುಂಡು ಅಕ್ಷರ. ಜಿಪ್ಪು ತೆಗೆಸಿ ನೋಡಿದರು: ಸ್ಪ್ಯಾನರು, ಸ್ಕ್ರೂಡ್ರೈವರು, ಟೇಪಿನ ಸುರುಳಿ, ಒಂದು ಬಾಚಣಿಗೆ, ತಿಂದು ತೊಳೆದ ಟಿಫಿನ್ ಡಬ್ಬಿ. ಅವರದೇ ಎಂದು ಮನವರಿಕೆಯಾಯಿತು. ಆದರೆ ಒಮ್ಮೆ ದಾಸ್ತಾನಿಗೆ ಸೇರಿದ ಸಾಮಾನು ಬಾಯಿಮಾತಿಗೆ ಹೊರಗೆ ಹೋಗುವ ಹಾಗಿಲ್ಲವಲ್ಲ. ರಾಯರು ತಮ್ಮ ಪುಸ್ತಕದಿಂದ ಒಂದು ಹಾಳೆ ಹರಿದು, ಕಾರ್ಬನ್ ಇಟ್ಟು, ಬರೆದರು: 'ಕ್ರಮಸಂಖ್ಯೆ 71, ಕಪ್ಪು ಚೀಲ ಒಂದು, ಒಳಗಿನ ವಸ್ತುಗಳ ಸಮೇತ ಸುಸ್ಥಿತಿಯಲ್ಲಿ ಪಡೆದಿದ್ದೇನೆ.'

"ಇದಕ್ಕೆ ನೀವು ಸಹಿ ಹಾಕಿ. ಆಮೇಲೆ ಅದಕ್ಕೆ ನಾನು ಹಾಕ್ತೀನಿ."

ಸೂಪರ್‌ವೈಸರ್ ಕೆಲಸಕ್ಕೆ ಸೇರಿದ ಮೇಲೆ ಗಿರಾಕಿಯ ಕಾಗದಕ್ಕೆ ಸಾಮಾನು ಬಂತೆಂದು ಸಹಿ ಹಾಕಿದ್ದು ಇದೇ ಮೊದಲಿರಬೇಕು. ಹಾಕಿ ಕೊಟ್ಟ. ರಾಯರು ಭೂತಗನ್ನಡಿ ಹಿಡಿದು ನೋಡಿ, ಕಾಗದವನ್ನು ಅವನ ಕೈಗೇ ವಾಪಸು ಕೊಟ್ಟರು.

"ತಾರೀಖು?"