ಸ್ವಹಸ್ತರಾಯರ ಜಲಕವಚ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳನ್ನು ಒಂದುಗೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಹೆಸರಿಟ್ಟ ಸರ್ಕಾರವು, ತಾನು ಅಪೇಕ್ಷಿಸಿರದಿದ್ದರೂ, ಆ ಮೂಲಕ ಒಂದು ವಿಶಿಷ್ಟ ಮನುಷ್ಯವರ್ಗದ ಉತ್ಪತ್ತಿಗೆ ಕಾರಣವಾಯಿತು. ಮೂವತ್ತು ಮೂವತ್ತೈದು ವರ್ಷಗಳ ಕಾಲ ಈ ನಾಲ್ಕು ಊರುಗಳ ನಡುವೆ ವರ್ಗವಾಗುತ್ತ, ಮಧುಗಿರಿಯ ಏಕಶಿಲಾ ಬೆಟ್ಟವನ್ನು ಎಲ್ಲ ದಿಕ್ಕುಗಳಿಂದಲೂ ನೋಡಿ ಒಂದು ದಿಕ್ಕಿನಿಂದಲೂ ಹತ್ತದೆ, ಪಾವಗಡದ ಶನಿಮಹಾತ್ಮನಿಗೂ ಗೊರವನಹಳ್ಳಿಯ ಮಹಾಲಕ್ಷ್ಮಿಗೂ ಪಕ್ಷಪಾತವಿಲ್ಲದೆ ನಡೆದುಕೊಂಡು, ಕಡೆಗೊಂದು ದಿನ ಹಾರ, ಶಾಲು, ಫಲತಾಂಬೂಲಗಳ ಸಮೇತ ಮನೆಗೆ ಬಂದು ಕುಳಿತ ನಿವೃತ್ತ ಮುಖ್ಯೋಪಾಧ್ಯಾಯನೇ ಆ ವರ್ಗದ ಪ್ರತಿನಿಧಿ. ಅವನಿಗೆ ಆರೋಗ್ಯವುಂಟು, ಪಿಂಚಣಿಯುಂಟು, ಬೆಂಗಳೂರಿನಲ್ಲಿ ಮಕ್ಕಳುಂಟು, ಇಲ್ಲದಿರುವುದು ಕೈಗೆ ಕೆಲಸವೊಂದೇ. ಸೀಮೆಸುಣ್ಣವನ್ನೂ ಬೆತ್ತವನ್ನೂ ಹಿಡಿದು ಪಳಗಿದ ಆ ಕೈ, ಬೆಳಗಿನ ಪತ್ರಿಕೆ ಓದಿ ಮುಗಿದ ಮೇಲೆ, ಸರಿಯಾಗಿ ಶಾಲೆಯ ಮೊದಲ ಗಂಟೆ ಬಾರಿಸುವ ಹೊತ್ತಿಗೆ, ತನಗೆ ತಾನೇ ತುರಿಸತೊಡಗುತ್ತದೆ. ಈ ತುರಿಕೆಗೆ ಕೆಲವರು ಸಂಘಗಳನ್ನು ಸ್ಥಾಪಿಸಿ ಪರಿಹಾರ ಕಾಣುತ್ತಾರೆ. ಕೆಲವರು ನಿವೇಶನದ ವ್ಯಾಜ್ಯಗಳನ್ನು ಹೂಡಿ. ನಾನು ವರ್ಣಿಸಹೊರಟಿರುವವರು ಈ ಎರಡಕ್ಕೂ ಸೇರದ, ಸಮಸ್ತವನ್ನೂ ತಮ್ಮ ಕೈಯಿಂದಲೇ ಮಾಡಿ ತೀರುವೆವೆಂಬ ವ್ರತ ತೊಟ್ಟ ಮೂರನೆಯ ಪಂಗಡದವರು. ಇಂಥವರು ಈ ಸೀಮೆಯಲ್ಲಿ ಬೀದಿಗೊಬ್ಬರಾದರೂ ಸಿಗುತ್ತಾರೆ. ಅವರೆಲ್ಲರಿಗೂ ಸೇರಿಸಿ ಸ್ವಹಸ್ತರಾಯರೆಂದು ನಾನೇ ನಾಮಕರಣ ಮಾಡಿರುವುದರಿಂದ, ಮತದಾರರ ಪಟ್ಟಿಯಲ್ಲಿ ಈ ಹೆಸರನ್ನು ಯಾರೂ ಹುಡುಕುವ ಶ್ರಮ ತೆಗೆದುಕೊಳ್ಳಬೇಕಾದುದಿಲ್ಲ.

ಸ್ವಹಸ್ತರಾಯರ ದೃಷ್ಟಿಯಲ್ಲಿ ಅಂಗಡಿಯಿಂದ ಸಿದ್ಧವಸ್ತುವನ್ನು ಕೊಂಡು ತರುವುದು ಒಂದು ಬಗೆಯ ನೈತಿಕ ಅಧಃಪತನ. ಸಿದ್ಧರಬೆಟ್ಟದ ಮೂಲಿಕೆಗಳಿಂದ ಅವರು ತಯಾರಿಸಿದ ಹಲ್ಲುಪುಡಿಯ ಪೊಟ್ಟಣವನ್ನು ನಮ್ಮ ಬೀದಿಯ ಪ್ರತಿಯೊಂದು ಮನೆಯೂ ಗೌರವದಿಂದ ಸ್ವೀಕರಿಸಿದೆ, ಮತ್ತು ಹಿತ್ತಾಳೆಯ ದೀಪಗಳನ್ನು ಬೆಳಗಲು ಇಂದಿಗೂ ಉಪಯೋಗಿಸುತ್ತಿದೆ. ಅವರು ಮಾಡಿದ ಪುಸ್ತಕದ ಕಪಾಟು ಗೋಡೆಯ ಆಶ್ರಯವಿಲ್ಲದೆ ನಿಲ್ಲಲಾರದು; ಆದರೆ ಗೋಡೆಯನ್ನು ಕಟ್ಟಿದವರು ಬೇರೆಯವರಾದ ಕಾರಣ ಅದು ಈವರೆಗೆ ನಿಂತಿದೆ.

ಇವರ ಲಕ್ಷ್ಯವು ನೀರಿನ ಬಾಟಲಿಯ ಕಡೆಗೆ ತಿರುಗಿದುದಕ್ಕೆ ಈ ಸೀಮೆಯ ನೀರೇ ಕಾರಣವೆನ್ನಬೇಕು. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶ ಹೆಚ್ಚೆಂಬುದು ಸರ್ವವಿದಿತ, ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಗಡಿ ಹಾಕಿರುವ ಆ ಅಂಶವು, ಮಿತಿ ದಾಟಿದಲ್ಲಿ, ಬೆಳೆಯುವ ಮಕ್ಕಳ ಹಲ್ಲುಗಳ ಮೇಲೆ ಕಂದು ಗೆರೆಗಳನ್ನೆಳೆದು, ವರ್ಷಗಟ್ಟಲೆ ಕುಡಿದವರ ಕೀಲುಗಳನ್ನು ಬಿಗಿದು, ಬೆನ್ನನ್ನು ಬಗ್ಗಿಸಿಬಿಡುತ್ತದೆ. ಕಾಯಿಸಿದರೆ ನೀರಿನ ದೋಷವೆಲ್ಲ ಹೋಗುತ್ತದೆಂಬುದು ನಮ್ಮ ಹಿರಿಯರ ನಂಬಿಕೆ. ಫ್ಲೋರೈಡಿನ ವಿಷಯದಲ್ಲಾದರೋ ಕಾಯಿಸಿದಷ್ಟೂ ನೀರು ಆವಿಯಾಗಿ ಹೋಗಿ ದೋಷವೇ ಗಟ್ಟಿಯಾಗಿ ಉಳಿಯುತ್ತದೆ. ರಾಯರು ಪಾವಗಡದಲ್ಲಿ ಪಾಠ ಹೇಳುತ್ತಿದ್ದಾಗ ಈ ಸತ್ಯವನ್ನು ತಾವು ಕಲಿತರು, ಮತ್ತು ಅಂದಿನಿಂದ ಅದನ್ನು ಮನೆಯವರಿಗೆ ಕಲಿಸದೆ ಯಾರ ಮನೆಯಲ್ಲೂ ಕಾಫಿ ಕುಡಿದವರಲ್ಲ. ಶಿರಾದ ದೊಡ್ಡ ಕೆರೆಗೆ ಹೇಮಾವತಿಯ ನೀರು ಹರಿದರೇನು, ನಾಣ್ಯ ಹಾಕಿದರೆ ಕ್ಯಾನು ತುಂಬಿಸುವ ಶುದ್ಧ ನೀರಿನ ಘಟಕಗಳು ಊರೂರಿಗೂ ಬಂದರೇನು, ರಾಯರು ನಂಬುವುದು ತಮ್ಮ ಅಡುಗೆಮನೆಯ ನೀರನ್ನು ಮಾತ್ರ. ಆದ್ದರಿಂದ ಮದುವೆಗಾಗಲಿ, ಶ್ರಾದ್ಧಕ್ಕಾಗಲಿ, ಪಿಂಚಣಿದಾರರ ಸಭೆಗಾಗಲಿ, ಒಂದು ಲೀಟರಿನ ಉಕ್ಕಿನ ಬಾಟಲಿಯು ಋಷಿಗಳ ಕಮಂಡಲುವಿನಂತೆ ಅವರನ್ನು ಅಗಲದೆ ಹಿಂಬಾಲಿಸುತ್ತದೆ.

ಹಿಂಬಾಲಿಸುವುದೇನೋ ಸರಿ, ಆದರೆ ಬಸ್ಸಿನಲ್ಲಿ ಅದು ಮುಂದಕ್ಕೂ ಹೋಗುತ್ತಿತ್ತು. ಕಾಲ ಬಳಿ ಇಟ್ಟ ಬಾಟಲಿಯು, ಚಾಲಕನು ಬ್ರೇಕ್ ಒತ್ತಿದೊಡನೆಯೇ ಸೀಟುಗಳ ಅಡಿಯಲ್ಲಿ ಗಡಗಡನೆ ಉರುಳಿ, ಮುಂದಿನ ಸೀಟಿನ ಹೆಂಗಸರ ಹೂವಿನ ಬುಟ್ಟಿಯನ್ನೂ ಅದರಾಚೆಯ ಕಡಲೆಕಾಯಿ ಮೂಟೆಯನ್ನೂ ಮುಟ್ಟಿ ವಿಚಾರಿಸಿಕೊಂಡು, ಇಳಿಜಾರಿನಲ್ಲಿ ಚಾಲಕನ ಕಾಲ ಬುಡದವರೆಗೂ ಪಯಣಿಸಿ, ಏರು ಬಂದಾಗ ಹಿಂದಿನ ಬಾಗಿಲಿನ ತನಕ ಮರಳುತ್ತಿತ್ತು. “ಮೇಷ್ಟ್ರೇ, ನಿಮ್ಮ ಬಾಟ್ಲಿಗೂ ಒಂದು ಟಿಕೆಟ್ ಹರೀಲಾ?” ಎಂದು ನಿರ್ವಾಹಕನು ತುಂಬಿದ ಬಸ್ಸಿನಲ್ಲಿ ಕೇಳಿದ ದಿನ ರಾಯರು ಪ್ರತಿಜ್ಞೆ ಮಾಡಿದರು: ಹೆಗಲಿಗೆ ತೂಗುಹಾಕಿಕೊಳ್ಳುವಂಥ ಒಂದು ಚರ್ಮದ ಕವಚವನ್ನು ಸ್ವಹಸ್ತದಿಂದ ನಿರ್ಮಿಸತಕ್ಕದ್ದು. ಬಟ್ಟೆಯದು ಸಂತೆಯಲ್ಲಿ ಸಿಗುತ್ತದೆಯಲ್ಲ ಎಂದು ನಾನು ಅಂದೆ. ಸಿಗುತ್ತದೆ ಎಂಬುದೇ ಅವರಿಗೆ ಅದನ್ನು ತಿರಸ್ಕರಿಸಲು ಸಾಕಷ್ಟು ಕಾರಣವಾಗಿತ್ತು.

ಮೊದಲ ಆಕ್ಷೇಪಣೆ ಅಡುಗೆಮನೆಯಿಂದ ಬಂದಿತು. “ಆ ತೊಗಲನ್ನ ನಡುಮನೆಗೆ ತರಬೇಡೀಂದ್ರೆ, ಹಿತ್ತಲಲ್ಲೇ ಇಟ್ಕೊಳ್ಳಿ” ಎಂದು ಮನೆಯಾಕೆ ಹೇಳಿದುದಕ್ಕೆ ರಾಯರು ಒಂದು ಪ್ರವಚನವನ್ನೇ ಮಾಡಿದರು. ಇಂದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಸರ್ಕಾರದ ರಕ್ಷಣೆಯಲ್ಲಿ ನೆಗೆದಾಡುತ್ತಿರುವ ಕೃಷ್ಣಮೃಗಗಳ ಪೂರ್ವಿಕರೊಬ್ಬರ ಚರ್ಮದ ಮೇಲೆ ಕುಳಿತೇ ತಮ್ಮ ತಾತ ಜಪ ಮಾಡುತ್ತಿದ್ದರೆಂದೂ, ಅದೇ ತಾತನ ಕೊರಟಗೆರೆ ಸೀಮೆಯ ಅಡಕೆ ತೋಟಕ್ಕೆ, ಪಂಪ್‌ಸೆಟ್ಟುಗಳಿಲ್ಲದ ಕಾಲದಲ್ಲಿ, ಜೋಡೆತ್ತು ಎಳೆಯುವ ಕಪಿಲೆಯ ತೊಗಲಿನ ಚೀಲದಿಂದಲೇ ನೀರು ಬರುತ್ತಿತ್ತೆಂದೂ, ಆ ನೀರಿನಲ್ಲಿ ಮಿಂದೇ ಮನೆಯವರೆಲ್ಲ ಮಡಿ ಉಡುತ್ತಿದ್ದರೆಂದೂ ಅವರು ನಿರೂಪಿಸಿದರು. ಇದು ದಿಟ. ಆ ಚೀಲವನ್ನು ಹೊಲಿದ ಕೈಗಳು ಊರ ಹೊರಗಿನ ಕೇರಿಯಲ್ಲಿದ್ದುವು, ಅವುಗಳಿಗೆ ಅದೇ ಬಾವಿಯಿಂದ ಒಂದು ಕೊಡ ನೀರು ಸೇದಿಕೊಳ್ಳುವ ಅಪ್ಪಣೆಯಿರಲಿಲ್ಲ ಎಂಬುದೂ ದಿಟವೇ. ಆ ಭಾಗವು ಪ್ರವಚನದಲ್ಲಿ ಬರಲಿಲ್ಲ. ಮನೆಯಾಕೆ ಎಲ್ಲವನ್ನೂ ಕೇಳಿ, “ಅದು ಪೂಜೆಯದು, ಅದು ತೋಟದ್ದು, ಇದು ತೊಗಲು” ಎಂದು ತೀರ್ಪಿತ್ತರು. ಉದ್ಯಮವು ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಪ್ರಾರಂಭವಾಯಿತು.

ಸಲಕರಣೆಗಳು ಬೆಂಗಳೂರಿನ ಮಗನ ಮುಖಾಂತರ ಬಂದುವು. ಅಂಚಿನುದ್ದಕ್ಕೂ ಸಮಾನ ಅಂತರದಲ್ಲಿ ರಂಧ್ರದ ಗುರುತು ಹಾಕುವ ಹಲ್ಲುಗಳುಳ್ಳ ಉಳಿ, ಕೊಡತಿ, ಅಂಚನ್ನು ಉಜ್ಜಿ ನುಣುಪು ಮಾಡುವ ಮರದ ತುಂಡು, ಮೇಣ ಹಚ್ಚಿದ ನೂಲು, ಮೊಂಡು ಮೂತಿಯ ಸೂಜಿಗಳು: ಇವೆಲ್ಲಕ್ಕೆ ತಗುಲಿದ ವೆಚ್ಚದಲ್ಲಿ ಒಂದು ಜೀವಮಾನಕ್ಕೆ ಸಾಲುವಷ್ಟು ಬಾಟಲಿ ಚೀಲಗಳನ್ನು ಕೊಳ್ಳಬಹುದಾಗಿತ್ತು. ಚರ್ಮದ ಆಯ್ಕೆಯಲ್ಲಿ ಮಾತ್ರ ರಾಯರ ವಿದ್ವತ್ತು ವ್ಯರ್ಥವಾಗಲಿಲ್ಲ. ಕ್ರೋಮಿಯಂ ಲವಣದಿಂದ ಹದ ಮಾಡಿದ ಚರ್ಮವು ಮೃದುವಾದರೂ ಹೇಳಿದ ಆಕಾರವನ್ನು ಹಿಡಿದು ನಿಲ್ಲದು; ತೊಗಟೆ ಕಾಯಿಗಳ ಒಗರಿನಲ್ಲಿ ಹದಗೊಂಡ ಚರ್ಮವನ್ನಾದರೆ ನೆನೆಸಿ, ಒಂದು ವಸ್ತುವಿನ ಸುತ್ತ ಒತ್ತಿ ಒಣಗಿಸಿದಲ್ಲಿ, ಅದು ಆ ವಸ್ತುವಿನ ರೂಪವನ್ನೇ ತಳೆಯುತ್ತದೆ. ಶಿರಾದಿಂದ ಪಾವಗಡಕ್ಕೆ ಹೋಗುವ ದಾರಿಯ ಅಂಚಿನಲ್ಲಿ ಯಾರ ಆರೈಕೆಯನ್ನೂ ಬೇಡದೆ ಹಳದಿ ಹೂ ಹೊತ್ತು ನಿಲ್ಲುವ ತಂಗಡಿ ಗಿಡದ ತೊಗಟೆ ಅಂಥ ಹದಕ್ಕೆ ಹೆಸರಾದದ್ದು. ಒಂದು ಕಾಲಕ್ಕೆ ಮದರಾಸಿನ ಬಂದರಿನಿಂದ ವಿಲಾಯಿತಿಗೆ ಹಡಗೇರುತ್ತಿದ್ದ ಹೆಸರುವಾಸಿ ಚರ್ಮಕ್ಕೆ ಈ ತೊಗಟೆಯೇ ಹದ ಕೊಡುತ್ತಿತ್ತು. ಈ ವೃತ್ತಾಂತವನ್ನು ರಾಯರು ಹಾಲಿನವನಿಗೂ ಹೇಳಿದರು, ವಿದ್ಯುತ್ ಮೀಟರು ಓದಲು ಬಂದವನಿಗೂ ಹೇಳಿದರು. ಚರ್ಮವನ್ನು ಮಾತ್ರ ಕೊರಿಯರಿನಲ್ಲಿ ತರಿಸಿದರು.

ಆಮೇಲೆ ಗಣಿತ. ರಾಯರು ಗಣಿತದ ಮೇಷ್ಟರೆಂಬುದನ್ನು ಹೇಳಲು ಮರೆತೆನೆ? ಬಾಟಲಿಯ ವ್ಯಾಸ 7.5 ಸೆಂಟಿಮೀಟರು; ಅದನ್ನು 3.14ರಿಂದ ಗುಣಿಸಲಾಗಿ ಪರಿಧಿಯು 23.55 ಸೆಂಟಿಮೀಟರು. ರಟ್ಟಿನ ಮೇಲೆ ನಕ್ಷೆ ಬರೆದು, ಕೆಳಗೆ ದಿನಾಂಕ ಹಾಕಿ, ಅಭ್ಯಾಸಬಲದಿಂದ ರುಜುವನ್ನೂ ಮಾಡಿ, ಮೂರು ಮಿಲಿಮೀಟರು ದಪ್ಪದ ಚರ್ಮವನ್ನು ಅದರಂತೆ ಕೂದಲೆಳೆಯಷ್ಟೂ ತಪ್ಪದೆ ಕತ್ತರಿಸಿದರು. ನೆನೆಸುವುದಕ್ಕೆ ಒದಗಿದ್ದು ಹಿತ್ತಲಿನ ಹಳೆಯ ತುಕ್ಕು ಹಿಡಿದ ಬಕೆಟ್ಟು. ಒಗರಿಗೂ ಕಬ್ಬಿಣಕ್ಕೂ ನಂಟು ಬೆಳೆದರೆ ಕಪ್ಪು ಹುಟ್ಟುತ್ತದೆ. ಅಳಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದ ನಮ್ಮ ಹಳೆಯ ಶ್ಯಾನುಭೋಗರಿಗೆ ಇದು ತಿಳಿದಿತ್ತು. ಮರುದಿನ ಬೆಳಿಗ್ಗೆ ಜೇನುಬಣ್ಣದ ಚರ್ಮವು ಮೈತುಂಬ ಮಸಿಯ ಮಚ್ಚೆಗಳನ್ನು ಹೊತ್ತು ಮೇಲೆದ್ದಿತು. ಪ್ರಾಚೀನತೆಯ ಕಳೆ ಬಂದಿದೆಯೆಂದು ರಾಯರು ಸಂತೋಷಪಟ್ಟರು.

ಹೊಲಿಗೆಯನ್ನು ನಾನು ಸಮೀಪದಿಂದ ನೋಡಿದ್ದೇನೆ, ಮತ್ತು ಅದನ್ನು ಹಾಸ್ಯ ಮಾಡುವ ಮನಸ್ಸು ನನಗಿಲ್ಲ. ಒಂದೇ ದಾರದ ಎರಡು ತುದಿಗಳಿಗೆ ಎರಡು ಸೂಜಿ. ಎಡಗಡೆಯದು ಹೊಕ್ಕ ರಂಧ್ರವನ್ನೇ ಬಲಗಡೆಯದೂ ಹೊಕ್ಕು, ಒಂದನ್ನೊಂದು ಹಾದು, ಎರಡೂ ಕೈ ಏಕಕಾಲದಲ್ಲಿ ಎಳೆದಾಗ ನೂಲು ‘ಜಿರ್’ ಎಂದು ಬಿಗಿಯುತ್ತದೆ. ಹೀಗೆ ಹಾಕಿದ ಹೊಲಿಗೆ ಒಂದು ಕಡೆ ಸವೆದು ಕಿತ್ತರೂ ಉಳಿದುವು ಬಿಚ್ಚಿಕೊಳ್ಳುವುದಿಲ್ಲ. ಯಂತ್ರದ ಹೊಲಿಗೆಗೆ ಈ ನಿಷ್ಠೆಯಿಲ್ಲ. ಕವಚವನ್ನು ಮೊಣಕಾಲುಗಳ ನಡುವೆ ಇರುಕಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ನಾಲಗೆಯನ್ನು ಕೆನ್ನೆಗೆ ಒತ್ತಿ ಅವರು ಕುಳಿತಿದ್ದ ಭಂಗಿಯಲ್ಲಿ, ಮೂವತ್ತೈದು ವರ್ಷ ತರಗತಿಯಲ್ಲಿ ಅವರು ಬೇರೆಯವರಿಂದ ಬೇಡಿ ಪಡೆಯಲಾರದೆ ಹೋದ ಏಕಾಗ್ರತೆಯಿತ್ತು. ಆದರೆ ಚರ್ಮದ ಎರಡು ಅಂಚುಗಳೂ ಬಾಟಲಿಯ ಸುತ್ತ ಕೂಡಿಕೊಳ್ಳಲು ಒಪ್ಪಲಿಲ್ಲ. ನಡುವೆ ಒಂದು ಬೆರಳಿನಷ್ಟು ವೈಮನಸ್ಯ ಉಳಿಯಿತು. ಗಣಿತ ತಪ್ಪಲಾರದಷ್ಟೆ, ಆದ್ದರಿಂದ ತಪ್ಪು ಚರ್ಮದ್ದೇ ಇರಬೇಕೆಂದು ನಿಶ್ಚಯಿಸಿ, ಅದು ಹಸಿಯಾಗಿರುವಾಗಲೇ ಹಾಲಿನವನಿಂದ ಒಂದು ಕಡೆ ಎಳೆಸಿ ತಾವೊಂದು ಕಡೆ ಎಳೆದು, ಬಾಟಲಿಯ ಸಮೇತ ಹೊಲಿದುಬಿಟ್ಟರು. ಮೂರು ದಿನದ ಚೈತ್ರದ ಬಿಸಿಲಿನಲ್ಲಿ ಅದು ಮಹಡಿಯ ಮೇಲೆ ಒಣಗಿ ಮರದ ಹಾಗೆ ಗಟ್ಟಿಯಾಯಿತು. ಬಾಟಲಿಯ ಕತ್ತನ್ನು ರಾಯರೂ ಕವಚದ ಬಾರನ್ನು ಮನೆಯಾಕೆಯೂ ಹಿಡಿದು ಜಗ್ಗಿದರೂ ಒಳಗಿದ್ದುದು ಹೊರಗೆ ಬರಲಿಲ್ಲ.

“ಕರ್ಣನ ಕವಚವನ್ನು ಅವನು ದಿನಾ ಬಿಚ್ಚಿ ಹಾಕಿಕೊಳ್ಳುತ್ತಿದ್ದನೇನು?” ಎಂದು ರಾಯರು ನನ್ನನ್ನು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಶಿರಾದ ಒಂದು ಮದುವೆಯಲ್ಲಿ ಆ ಜಲಕವಚದ ಪ್ರಥಮ ಪ್ರದರ್ಶನವಾಯಿತು. ವರಪೂಜೆಯ ನಡುವೆಯೂ ಅದು ಕೈಯಿಂದ ಕೈಗೆ ಹೋಯಿತು. ಮಸಿಯ ಮಚ್ಚೆಗಳನ್ನು ಕಂಡು ಇದು ವಿದೇಶದ ಪದ್ಧತಿಯೇ ಎಂದು ಇಂಜಿನಿಯರ್ ಹುಡುಗನೊಬ್ಬ ವಿಚಾರಿಸಿದ. ಕಲೆ, ಕಲೆ ಎಂದು ಹಿರಿಯರು ತಲೆದೂಗಿದರು. ಛತ್ರದ ಬಾಗಿಲ ಎದುರಿಗೇ, ಕಿತ್ತ ಚಪ್ಪಲಿಗಳನ್ನು ಮುಂದೆ ಹರಡಿಕೊಂಡು, ರಾಯರು ಹಾಕಿದ ಹೊಲಿಗೆಯನ್ನೇ ಅವರಿಗಿಂತ ಹತ್ತು ಪಟ್ಟು ವೇಗವಾಗಿ ಹಾಕುತ್ತ ಒಬ್ಬಾತ ಕುಳಿತಿದ್ದ. ಆತನ ಕೆಲಸಕ್ಕೆ ಆ ದಿನ ಯಾರೂ ಕಲೆಯೆಂಬ ಶಬ್ದವನ್ನು ಉಪಯೋಗಿಸಿದಂತೆ ಕಾಣೆ.

ಮಳೆಗಾಲ ಬಂದಿತು. ಉಕ್ಕಿಗೂ ಚರ್ಮಕ್ಕೂ ನಡುವೆ ಸೇರಿದ ನೀರು ಆರಲಾರದೆ ಬೂಷ್ಟು ಬೆಳೆದು, ಗಂಧವು ನಡುಮನೆಯವರೆಗೂ ಬಂದಾಗ, ಮನೆಯಾಕೆಯ ಅಂತಿಮ ಸೂಚನೆಯ ಮೇರೆಗೆ ರಾಯರು ಮಧುಗಿರಿಯ ಬಸ್ ನಿಲ್ದಾಣದ ಬಳಿ ಕೊಡೆಯ ಕೆಳಗೆ ಕೂರುವ ಚಮ್ಮಾರನಲ್ಲಿಗೆ ಹೋದರು. ಕುತೂಹಲದಿಂದ ನಾನೂ ಜೊತೆಗೆ ಹೋದೆ. ಆತ ಅದನ್ನು ತಿರುಗಿಸಿ ನೋಡಿ, ಮೂಸಿ, ರಂಪಿಗೆಯ ಮೊನೆಯಿಂದ ಹೊಲಿಗೆಯನ್ನು ಸರ್ರನೆ ಸೀಳಿ ಬಾಟಲಿಯನ್ನು ಬಿಡುಗಡೆ ಮಾಡಿದ. ಬಳಿಕ ತನ್ನ ಚೂರುಪಾರುಗಳಲ್ಲಿ ಒಂದು ಪಟ್ಟಿಯನ್ನು ಎಳೆದು ಬಾಟಲಿಗೆ ಸುತ್ತಿ, ಎರಡು ತುದಿಗಳೂ ಸೇರಿದಲ್ಲಿ ಹೆಬ್ಬೆರಳಿನ ಉಗುರಿನಿಂದ ಒಂದು ಗೀರು ಹಾಕಿದ.

“ತೊಗ್ಲು ನೀರು ಕುಡುದ್ರೆ ಹಿಗ್ತೈತೆ, ಒಣಗಿದ್ರೆ ಕುಗ್ತೈತೆ, ಮೇಷ್ಟ್ರೇ. ತೊಗ್ಲಿಗೂ ಒಂದು ದಪ್ಪ ಅಂತ ಐತಲ್ಲ, ಅದನ್ನೂ ಸೇರಿಸ್ಕಂಡು ಒಸಿ ಜಾಗ ಬಿಡಬೇಕು. ನಮ್ಮಪ್ಪ ಕಪಿಲೆ ತೊಗ್ಲು ಹೊಲೀತಿದ್ದ, ಒಂದು ತೊಟ್ಟು ಸೋರ್ತಿರಲಿಲ್ಲ.”

ರಾಯರು ತಟಕ್ಕನೆ ಜೇಬಿನಿಂದ ಪೆನ್ನು ತೆಗೆದು ಅಂಗೈಯ ಮೇಲೆ ಲೆಕ್ಕ ಹಾಕಿದರು. ವ್ಯಾಸಕ್ಕೆ ಚರ್ಮದ ದಪ್ಪ ಸೇರಿ 7.8, 3.14ರಿಂದ ಗುಣಿಸಲಾಗಿ 24.49, ಮೊದಲಿನದಕ್ಕಿಂತ ಒಂದು ಸೆಂಟಿಮೀಟರಿಗೆ ಕೊಂಚ ಕಡಮೆ ಹೆಚ್ಚು. ಅಳೆದು ನೋಡಿದರೆ ಉಗುರಿನ ಗೀರು ಅದಕ್ಕೂ ಒಂದು ನೂಲು ಆಚೆಗಿತ್ತು. ರಾಯರ ಮುಖ ಬೆಳಗಿತು. ನಾಲ್ಕಾರು ಗಿರಾಕಿಗಳು ಒಂದೊಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಕಾಯುತ್ತಿರಲು, ಆತನು ಹೇಳಿದುದು ಏಕೆ ಸರಿಯೆಂಬುದನ್ನು, ವೃತ್ತದ ವ್ಯಾಖ್ಯೆಯಿಂದ ಮೊದಲುಗೊಂಡು, ಆತನಿಗೇ ಕಾಲು ಗಂಟೆ ಕಾಲ ವಿವರಿಸಿದರು. ಆತ ಹೂಂಗುಟ್ಟುತ್ತ, ಅಷ್ಟು ಹೊತ್ತಿಗೆ ಕವಚಕ್ಕೆ ಒಂದು ಪಟ್ಟಿಯನ್ನು ಸೇರಿಸಿ ಹೊಲಿದು ಮುಗಿಸಿದ್ದ. ನೂರೈವತ್ತೆಂದು ಆತ ಕೇಳಿದುದನ್ನು ರಾಯರು ನೂರಿಪ್ಪತ್ತಕ್ಕೆ ಇಳಿಸಿ, ಚಿಲ್ಲರೆ ನಾಳೆ ಕೊಡುವುದಾಗಿ ಹೇಳಿ ಹೊರಟರು.

ಆ ಮೇಲೆ ಪಿಂಚಣಿದಾರರಲ್ಲಿ ಆ ವಸ್ತುವಿನ ಕೀರ್ತಿ ಹಬ್ಬಿ, ಚಮ್ಮಾರನೂ ತಾನೇ ಒಂದನ್ನು ಮಾಡಿ ಕೊಡೆಯ ಕಡ್ಡಿಗೆ ತೂಗುಹಾಕಿದ, ಬೆಲೆ ಮುನ್ನೂರು. ಕೊರಟಗೆರೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಅದನ್ನು ಇನ್ನೂರಕ್ಕೆ ಕೇಳುತ್ತಿದ್ದಾಗ ರಾಯರು ಅಲ್ಲಿಗೆ ಬಂದು ಕೆಂಡಾಮಂಡಲವಾದರು. ಕೈಯಿಂದ ಹೊಲಿದ ವಸ್ತುವಿಗೆ ಚೌಕಾಸಿ ಮಾಡುವುದು ಕರಕುಶಲ ಕಲೆಗೇ ಮಾಡುವ ಅಪಚಾರವೆಂದು ಅವರು ಬಸ್ ನಿಲ್ದಾಣಕ್ಕೆಲ್ಲ ಕೇಳುವಂತೆ ಘೋಷಿಸಿದರು.

“ಹಾಗಾದರೆ ನಿಮ್ಮದಕ್ಕೆ ನೀವು ಎಷ್ಟು ಕೊಟ್ಟಿರಿ, ರಾಯರೆ?” ಎಂದು ಕೊರಟಗೆರೆಯವರು ಕೇಳಿದರು.

“ನಾನು ಕೊಡುವುದೇನು ಬಂತು! ನನ್ನದು ಸ್ವಹಸ್ತ.”

ಚಮ್ಮಾರ ಹಲ್ಲಿನಲ್ಲಿ ಕಚ್ಚಿದ್ದ ದಾರವನ್ನು ತೆಗೆದು, “ನೂರು ಕೊಟ್ಟವ್ರೆ ಸ್ವಾಮಿ,” ಎಂದ, “ಇನ್ನೂ ಇಪ್ಪತ್ತು ಬಾಕಿ ಐತೆ.”