ಮಾಳಿಗೆಯ ಸಾಹೇಬ

ಇಚಲಕರಂಜಿ ಪಕ್ಕದ ಕೊರೋಚಿಯಲ್ಲಿ ಹನ್ನೆರಡು ತಿಂಗಳೂ ಮಳೆ ಸುರಿಯುತ್ತದೆಂದು ನ್ಯೂಜೆರ್ಸಿಯ ಮ್ಯಾನೇಜರೊಬ್ಬ ನಂಬಿಕೊಂಡಿದ್ದಾನೆ. ನಂಬಿಸಿದವನು ನಮ್ಮ ಮಾಳಿಗೆಯ ಸಾಹೇಬ. ಮೀಟಿಂಗಿನಲ್ಲಿ ಖಟಖಟ ಸದ್ದು ಕೇಳಿ ಆತ ‘ಜೋರು ಮಳೆಯೇನು?’ ಅಂದಾಗ, ಪಕ್ಕದ ಶೆಡ್ಡಿನ ಪಾವರ್‌ಲೂಮಿನ ಪುರಾಣ ಯಾರು ಹೇಳುತ್ತ ಕೂಡಬೇಕೆಂದು ಇವನು ಹೌದೆಂದುಬಿಟ್ಟ. ಈಗ ಜನವರಿಯಲ್ಲೂ ಮಳೆ ನಿಲ್ಲಿಸುವಂತಿಲ್ಲ.

ಇಚಲಕರಂಜಿಯ ಸುತ್ತಮುತ್ತ, ಒಳಗೆ ಕನ್ನಡ ಹೊರಗೆ ಮರಾಠಿ ಮಾತಾಡುವ ಮನೆಗಳಲ್ಲಿ ಇಂಥ ಸಾಹೇಬರು ಓಣಿಗೊಬ್ಬರು. 2020ರ ಮಾರ್ಚಿನಲ್ಲಿ ಪುಣೆಯಿಂದಲೋ ಬೆಂಗಳೂರಿನಿಂದಲೋ ಎಂಟು ದಿನದ ಮಟ್ಟಿಗೆಂದು ಒಂದು ಬ್ಯಾಗು ಹಿಡಿದು ಬಂದವರು. ಅದೇ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಮನೆಯಿಂದ ಕೆಲಸ ಮಾಡಿಸಲು ಇದ್ದ ಹಳೆಯ ಕಟ್ಟುಪಾಡುಗಳನ್ನು ಸಡಿಲಿಸಿತು. ಕಂಪನಿಗೆ ಕಟ್ಟಡದ ಬಾಡಿಗೆ ಉಳಿಯಿತು, ಇವನಿಗೆ ರೂಮಿನ ಬಾಡಿಗೆ ಉಳಿಯಿತು. ಮಾಳಿಗೆ ಕೋಣೆಯ ಸೇಂಗಾ ಚೀಲಗಳು ಮಾತ್ರ ಅಂಗಳಕ್ಕೆ ಬಿದ್ದವು.

ಮನೆಯಲ್ಲೇ ಕೂತು ದುಡಿಯುವುದು ಈ ಸೀಮೆಗೆ ಹೊಸದೇನಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರ್ ಇಚಲಕರಂಜಿಗೆ ಮೊದಲ ಪಾವರ್‌ಲೂಮ್ ತಂದರು. ಬರಬರುತ್ತ ಮಗ್ಗ ಮನೆಗೇ ನುಗ್ಗಿತು: ಗೋಡೆಯ ಆಚೆ ಮಗ್ಗ, ಈಚೆ ಒಲೆ. ಇವನ ಆಯಿ ಕಾಲಿನ ಹೆಬ್ಬೆರಳಿಗೆ ತೊಟ್ಟಿಲ ಹಗ್ಗ ಕಟ್ಟಿಕೊಂಡು ಜೀವಮಾನವೆಲ್ಲ ಮಗ್ಗದ ಕಾಂಡಿಗೆ ನೂಲು ತುಂಬಿದವಳು. ವರ್ಕ್-ಲೈಫ್ ಬ್ಯಾಲೆನ್ಸ್ ಸಾಧಿಸುವುದು ಹೇಗೆಂದು ಅವಳಿಗೆ ಯಾರೂ ವೆಬಿನಾರ್ ಮಾಡಲಿಲ್ಲ. ಮೊಮ್ಮಗನಿಗೆ ಶುಕ್ರವಾರಕ್ಕೊಂದು ವೆಬಿನಾರ್. ಕೇಳಿ ಕೇಳಿ ಸಾಕಾಗಿ ಆಯಿ ಒಮ್ಮೆ ಅಂದಳು: “ತಮ್ಮಾ, ನಮ್ಮ ಮಗ್ಗ ಸಪ್ಪಳಾ ಮಾಡತಿತ್ತು, ನಾವು ಸುಮ್ಮ ಇರತಿದ್ವಿ. ನಿನ್ನ ಯಂತ್ರ ಸುಮ್ಮ ಇರತೈತಿ, ಸಪ್ಪಳೆಲ್ಲಾ ನಿಂದ!”

ಆ ಸಪ್ಪಳದ ನಿಜವಾದ ಅಳತೆ ಗೊತ್ತಾಗುವುದು ಕರೆಂಟು ಹೋದಾಗ. ಮಗ್ಗಗಳೆಲ್ಲ ಗಪ್ಪಾಗುತ್ತವೆ, ಇವನ ಇನ್ವರ್ಟರ್ ಚಾಲೂ ಆಗುತ್ತದೆ. ಖಟಖಟವನ್ನು ಮೀರಿಸಲು ಏರಿಸಿದ್ದ ದನಿ ಇಳಿಯುವುದಕ್ಕೆ ಪುರುಸೊತ್ತಿಲ್ಲ: “ಆಮ್ ಐ ಆಡಿಬಲ್?” ಅದಕ್ಕೆ ಅಮೆರಿಕಕ್ಕಿಂತ ಮೊದಲು ಉತ್ತರ ಕೊಡುವುದು ಕೆಳಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತ, ಮಗ್ಗ ರಿಪೇರಿಯ ಜಾಬರ್ ಕಾಕಾ. “ಹೋ, ಕೇಳಸಾಕತೈತಿ!”

ಎಮ್ಮೆಯ ಪ್ರಕರಣ ಇನ್ನೂ ನಾಜೂಕಿನದು. ಅಮೆರಿಕದವರು ಮಾರ್ಚಿನ ಎರಡನೆಯ ರವಿವಾರ ಗಡಿಯಾರವನ್ನು ಒಂದು ತಾಸು ಮುಂದೆ ತಳ್ಳುತ್ತಾರೆ, ನವೆಂಬರಿನ ಮೊದಲ ರವಿವಾರ ಹಿಂದೆ ಎಳೆಯುತ್ತಾರೆ. ಅಲ್ಲಿಯ ಬೆಳಗಿನ ಒಂಬತ್ತರ ಮೀಟಿಂಗ್ ಇಲ್ಲಿ ಚಳಿಗಾಲದಲ್ಲಿ ಸಂಜೆ ಏಳೂವರೆಗೆ, ಬೇಸಿಗೆಯಲ್ಲಿ ಆರೂವರೆಗೆ. ಆರೂವರೆಯೆಂದರೆ ಹಾಲು ಹಿಂಡಿ ಡೇರಿಗೆ ಹಾಕುವ ಹೊತ್ತು, ಮತ್ತು ‘ಹೆಂಗೂ ಮನ್ಯಾಗ ಇರತಿ’ ಎಂದು ಅಪ್ಪ ಆ ಕೆಲಸವನ್ನು ಇವನಿಗೇ ವಹಿಸಿದ್ದಾನೆ. ಎಮ್ಮೆ ಅಮೆರಿಕದ ಗಡಿಯಾರಕ್ಕೆ ಒಪ್ಪಲಿಲ್ಲ. ಹೀಗಾಗಿ ಬೇಸಿಗೆಯ ಮೀಟಿಂಗುಗಳೆಲ್ಲ ಕೊಟ್ಟಿಗೆಯಲ್ಲಿ, ಕಿವಿಯಲ್ಲಿ ಇಯರ್‌ಫೋನ್, ಕ್ಯಾಮೆರಾ ಬಂದ್. ಒಮ್ಮೆ ಮ್ಯೂಟ್ ಮರೆತಾಗ ಎಮ್ಮೆ ಒದರಿತು. ಮ್ಯಾನೇಜರ್ ಏನೂ ಕೇಳಲಿಲ್ಲ. ಗುಡುಗು ಅಂದುಕೊಂಡಿರಬೇಕು.

ಹೆಂಡತಿಯೂ ಸಾಫ್ಟ್‌ವೇರಿನವಳೇ. 2017ರ ತಿದ್ದುಪಡಿ ಕಾಯಿದೆಯಂತೆ ಇಪ್ಪತ್ತಾರು ವಾರದ ಹೆರಿಗೆ ರಜೆ ಪಡೆದಳು, ಆಮೇಲೆ ಕಂಪನಿ ಒಪ್ಪಿದರೆ ಮನೆಯಿಂದ ದುಡಿಯಬಹುದೆಂಬ ಅದೇ ಕಾಯಿದೆಯ ಮಾತನ್ನು ಹಿಡಿದು ಅಡಿಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದಳು. ಮಾಳಿಗೆಯಲ್ಲಿ ಒಂದೇ ಕೋಣೆ ಇರುವುದು, ಅದು ಸಾಹೇಬನದು. ಇವಳ ಪಗಾರ ಅವನದಕ್ಕಿಂತ ತುಸು ಹೆಚ್ಚೆಂಬುದು ಮನೆಯೊಳಗೇ ಉಳಿದಿರುವ ಸಂಗತಿ. ಓಣಿಯ ಲೆಕ್ಕವೇ ಬೇರೆ: ಅವನು ‘ಮನ್ಯಾಗಿಂದ ಕೆಲಸಾ ಮಾಡತಾನ’, ಅವಳು ‘ಮನ್ಯಾಗ ಇರತಾಳ’. ಅವನು ಮಗಳನ್ನು ಅಂಗನವಾಡಿಗೆ ಬಿಟ್ಟು ಬಂದರೆ ನಾಲ್ಕು ಮನೆಯ ಬಾಗಿಲಲ್ಲಿ ‘ಎಂಥಾ ಗಂಡಾ ಸಿಕ್ಕಾನವ್ವಾ!’ ಅವಳು ರೊಟ್ಟಿ ಬಡಿಯುತ್ತಲೇ ಪುಣೆಯ ಸರ್ವರ್ ಎಬ್ಬಿಸಿ ಕೂರಿಸಿದ್ದಕ್ಕೆ ಬಂದದ್ದು ಒಂದೇ ಮಾತು: ರೊಟ್ಟಿ ತುಸು ಸೀದಾವ.

ಇಷ್ಟರ ನಡುವೆ ಊರಿನ ಸೇವೆ. ಹೊಲದ ಸಾತಬಾರಾ ಉತಾರಾ ತೆಗೆದುಕೊಡು, ಲೈಟ್ ಬಿಲ್ಲು ತುಂಬು, ಆಧಾರ್ ಲಿಂಕ್ ಮಾಡು. ‘ಕೆಲಸದಾಗ ಅದೀನಿ’ ಅಂದರೆ, ‘ಇರ್ಲಿ ಬಿಡೋ, ಹೆಂಗೂ ಲ್ಯಾಪ್‌ಟಾಪ್ ತಗದದ್ದೈತಲ್ಲ’ ಎನ್ನುತ್ತ ಕಾಕಾ ಮಂಚದ ಮೇಲೆ ಕೂತೇಬಿಡುತ್ತಾನೆ.

ಮೊನ್ನೆ ಕಂಪನಿಯಿಂದ ಮೇಲ್ ಬಂತು: ವಾರಕ್ಕೆ ಮೂರು ದಿನ ಪುಣೆಯ ಆಫೀಸಿನಲ್ಲಿ ಕಡ್ಡಾಯ ಹಾಜರಿ, ವಿನಾಯಿತಿ ಬೇಕಾದವರು ಕಾರಣ ಬರೆಯಿರಿ. ‘ಮನೆಯವರಿಗೆ ನನ್ನ ಅಗತ್ಯ ಬಹಳವಿದೆ’ ಎಂದು ಮನಕರಗುವಂತೆ ಬರೆದು, ಕಳಿಸುವ ಮೊದಲು ಊಟದ ಹೊತ್ತಿಗೆ ಎಲ್ಲರಿಗೂ ಓದಿ ಹೇಳಿದ. ಅಪ್ಪ ತಾಟಿನಿಂದ ತಲೆಯೆತ್ತದೆ, ಎಮ್ಮೆ ನಾ ಹಿಂಡತೀನಿ ಬಿಡು ಅಂದ. ಹೆಂಡತಿ ಮಾಳಿಗೆಯ ಕೋಣೆಗೆ ಇನ್ನೊಂದು ಬೀಗದ ಕೈ ಐತೇನ್ರಿ ಎಂದು ವಿಚಾರಿಸಿದಳು. ಉಳಿದವಳು ಆಯಿ. ತುಸು ಹೊತ್ತು ಸುಮ್ಮನಿದ್ದು ಕೇಳಿದಳು:

“ಹೋಗೂಮುಂದ ಆ ನೆಟ್ಟಿನ ಡಬ್ಬಿ ಇಲ್ಲೇ ಇಟ್ಟ ಹೋಗತಿ ಹೌದಲ್ಲೋ?”