ಬರಿಗೈಯಲ್ಲಿ ಬಂದವರು

ಮುಂಬಯಿ ಕನ್ನಡಿಗರಲ್ಲಿ ಹೆಸರು ಮಾಡಿದವರೆಲ್ಲ ಬರಿಗೈಯಲ್ಲಿ ಬಂದವರು. ಅನುಮಾನವಿದ್ದರೆ ಯಾವುದಾದರೂ ಸನ್ಮಾನಕ್ಕೆ ಹೋಗಿ, ಅಭಿನಂದನಾ ಪತ್ರ ಓದುವುದನ್ನು ಕೇಳಿ. ‘ಎಳವೆಯಲ್ಲೇ ಬರಿಗೈಯಲ್ಲಿ ಮುಂಬಯಿ ಸೇರಿ, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಸ್ವಂತ ಪರಿಶ್ರಮದಿಂದ...’ ಅಲ್ಲಿಂದ ಮುಂದೆ ಆಸ್ತಿಪಾಸ್ತಿಯ ವಿವರ. ಕೈ ಬರಿದಾಗಿದ್ದದ್ದು ನಿಜವೇ ಇರಬೇಕು. ಆದರೆ ಬಸ್ಸಿನ ಟಿಕೆಟು ಯಾರು ತೆಗೆದದ್ದು? ಇಳಿದ ದಿನ ರಾತ್ರಿ ಯಾರ ಖೋಲಿಯಲ್ಲಿ ಚಾಪೆ ಹಾಸಿದ್ದು? ಸಂಜೆ, ಗಿರಾಕಿ ಮುಗಿಬೀಳುವ ಹೊತ್ತಿನಲ್ಲೇ, ‘ನೀನು ಹೋಗು ಮಾರಾಯ, ಶಾಲೆಗೆ ತಡವಾಗ್ತದೆ’ ಎಂದು ಕಪ್ಪು ಬಸಿ ತೊಳೆಯುವ ಹುಡುಗನನ್ನು ಬಿಟ್ಟುಕೊಟ್ಟ ಧಣಿ ಯಾರು? ಪತ್ರದಲ್ಲಿ ಅವರಿಗೆ ಜಾಗ ಸಿಗುವುದಿಲ್ಲ. ಚೌಕಟ್ಟಿನ ಅಳತೆ ಚಿಕ್ಕದು.

ಧಣಿ ಅಲ್ಲೇ ಮೂರನೇ ಸಾಲಿನಲ್ಲಿ ಕೂತಿರುತ್ತಾರೆ. ಪಕ್ಕದವರ ಕಡೆ ವಾಲಿ, ಮೈಕಿಗಿಂತ ಸ್ವಲ್ಪವೇ ತಗ್ಗಿದ ದನಿಯಲ್ಲಿ, ‘ಇವನನ್ನು ಕರಕೊಂಡು ಬಂದವನೇ ನಾನು’ ಎನ್ನುತ್ತಾರೆ. ವೇದಿಕೆಯ ಮೇಲಿನ ಶಾಲು ಒಮ್ಮೆ ಬೆವರುತ್ತದೆ.

ಉಂಡ ಮನೆಗೆ ಎರಡು ಬಗೆಯುವವರು ಎಂದು ಬೈದು ಮುಗಿಸಬಹುದಿತ್ತು. ಆದರೆ ಉಪಕಾರ ಪಡೆದವನ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ತಿಳಿಯಬೇಕಾದರೆ ಲೋಕಲ್ ರೈಲಿನ ಸೆಕೆಂಡ್ ಕ್ಲಾಸಿನಲ್ಲಿ ನಾಲ್ಕನೇ ಸೀಟನ್ನು ನೋಡಬೇಕು. ಬೆಂಚು ಮೂವರಿಗೆ. ನಾಲ್ಕನೆಯವನು ಬಂದು ಅಂಗೈಯಿಂದ ಗಾಳಿಯನ್ನು ಪಕ್ಕಕ್ಕೆ ತಳ್ಳಿ ‘ಜರಾ ಸರ್ಕೋ’ ಎಂದರೆ, ಮೂವರೂ ಇದ್ದಲ್ಲೇ ಒಮ್ಮೆ ಮೈ ಕೊಡವಿ ಒಂದು ಗೇಣು ಬಿಡುತ್ತಾರೆ. ಯಾವ ಕಾನೂನೂ ಅವರನ್ನು ಹಾಗೆ ಮಾಡಲು ಹೇಳಿಲ್ಲ. ಶುದ್ಧ ದಾನ. ಪಡೆದವನು ಅರ್ಧ ಕುಂಡೆ ಬೆಂಚಿನ ಮೇಲೆ, ಅರ್ಧ ಆಕಾಶದಲ್ಲಿ ಇಟ್ಟು ಕೂರುತ್ತಾನೆ. ದಾದರಿನಲ್ಲಿ ಅವನ ಮುಖದಲ್ಲಿ ಕೃತಜ್ಞತೆ ಇರುತ್ತದೆ. ಕುರ್ಲಾದ ಹೊತ್ತಿಗೆ ಆ ಮೂರನೆಯವನ ತೊಡೆ ಇಷ್ಟು ಅಗಲ ಯಾಕೆ ಎಂಬ ಪ್ರಶ್ನೆ ಮೂಡುತ್ತದೆ. ಘಾಟ್ಕೋಪರಿನಲ್ಲಿ, ಈತ ಬೇಕೆಂದೇ ಕಾಲು ಚಾಚಿದ್ದಾನೆ ಎಂಬುದು ಖಚಿತವಾಗುತ್ತದೆ. ಭಾಂಡುಪ್ ದಾಟುವಾಗ ನಾಲ್ಕನೆಯವನು ಮೂರನೆಯವನನ್ನು ದ್ವೇಷಿಸುವಷ್ಟು, ಪೂರ್ತಿ ನಿಂತೇ ಬಂದವರು ಯಾರೂ ಯಾರನ್ನೂ ದ್ವೇಷಿಸುತ್ತಿರುವುದಿಲ್ಲ. ಠಾಣೆಯಲ್ಲಿ ಕಿಟಕಿಯವನು ಇಳಿದು, ನಮ್ಮವನು ಮೂರನೆಯ ಜಾಗಕ್ಕೆ ಬಡ್ತಿ ಪಡೆಯುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ ಬಂದು ಅಂಗೈ ಆಡಿಸಿದರೆ ಇವನಿಗೆ ಮೊಬೈಲಿನಲ್ಲಿ ಅತ್ಯಂತ ತುರ್ತಾದ ಏನೋ ಕಾಣಿಸುತ್ತದೆ.

ಫ್ರಾನ್ಸಿನ ಮಾರ್ಸೆಲ್ ಮಾಸ್ ಎಂಬ ಪಂಡಿತರು 1925ರಲ್ಲಿ ದಾನ, ಉಡುಗೊರೆಗಳ ಬಗ್ಗೆ ಒಂದು ದೊಡ್ಡ ಪ್ರಬಂಧ ಬರೆದರು. ಕೊಟ್ಟದ್ದಕ್ಕೆ ಮರಳಿ ಕೊಡಲೇಬೇಕು, ಕೊಡಲಾಗದವನು ಕೊಟ್ಟವನಿಗಿಂತ ಒಂದು ಮೆಟ್ಟಿಲು ಕೆಳಗೆ ಇಳಿದಂತೆ ಎಂಬುದು ಅದರ ಸಾರ. ಇದಕ್ಕಾಗಿ ಅವರು ಪಾಲಿನೇಷ್ಯಾದಿಂದ ವಾಯವ್ಯ ಅಮೆರಿಕದವರೆಗಿನ ಬುಡಕಟ್ಟುಗಳ ವಿವರ ಕಲೆಹಾಕಿದ್ದರು. ಪಾಪ, ಮುಂಬಯಿಯಲ್ಲಿ ಒಂದು ಸಂಘದ ವಾರ್ಷಿಕೋತ್ಸವಕ್ಕೆ ಬಂದಿದ್ದರೆ ಅಷ್ಟು ತೊಂದರೆ ಇರಲಿಲ್ಲ. ಈಶ್ವರಚಂದ್ರ ವಿದ್ಯಾಸಾಗರರ ಹೆಸರಿನಲ್ಲೂ ಒಂದು ಕಥೆ ಓಡಾಡುತ್ತದೆ: ಯಾರೋ ನಿಮ್ಮನ್ನು ಬೈಯುತ್ತಿದ್ದಾರೆ ಎಂದು ಸುದ್ದಿ ತಂದವನಿಗೆ ಅವರು, ನಾನು ಆತನಿಗೆ ಏನೂ ಉಪಕಾರ ಮಾಡಿದ ನೆನಪಿಲ್ಲವಲ್ಲ ಎಂದು ಅಚ್ಚರಿಪಟ್ಟರಂತೆ.

ಎಲ್ಲ ಉಪಕಾರವೂ ಚುಚ್ಚುವುದಿಲ್ಲ ಎಂಬುದನ್ನು ಗಮನಿಸಬೇಕು. ಕಾರ್ಮಿಕ ನಾಯಕ ಜಾರ್ಜ್ ಫೆರ್ನಾಂಡಿಸ್ ಮಂಗಳೂರಿನಿಂದ ಈ ಊರಿಗೆ ಬಂದ ಹೊಸತರಲ್ಲಿ ಚೌಪಾಟಿಯ ಬೆಂಚಿನ ಮೇಲೆ ಮಲಗುತ್ತಿದ್ದರು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್. ಕೆ. ಪಾಟೀಲರನ್ನು ಸೋಲಿಸಿ ದೇಶದ ಕಣ್ಣಿಗೆ ಬಿದ್ದ ಮೇಲೂ, ಮಂತ್ರಿಯಾದ ಮೇಲೂ ಆ ಬೆಂಚನ್ನು ಅಭಿಮಾನದಿಂದಲೇ ನೆನೆಯುತ್ತಿದ್ದರು. ಯಾಕೆ ನೆನೆಯಬಾರದು? ಬೆಂಚು ಯಾವ ಮದುವೆಗೂ ಬಂದು ‘ಇವನಿಗೆ ಮಲಗಲು ಜಾಗ ಕೊಟ್ಟದ್ದು ನಾನೇ’ ಎನ್ನುವುದಿಲ್ಲ. ಅವರನ್ನು ಕಾರ್ಮಿಕ ಚಳವಳಿಯಲ್ಲಿ ಬೆಳೆಸಿದ, ನಮ್ಮ ಕರಾವಳಿಯವರೇ ಆದ ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ 1958ರಲ್ಲೇ ತೀರಿಕೊಂಡರು. ಸಿಎಸ್‌ಎಂಟಿ ರೈಲು ನಿಲ್ದಾಣದ ಮಗ್ಗುಲಲ್ಲಿ ಅವರ ಹೆಸರಿನ ರಸ್ತೆ ಇದೆ. ತೀರಿಹೋದ ಉಪಕಾರಿಗೆ ರಸ್ತೆಯನ್ನೇ ಕೊಡಬಹುದು; ಬದುಕಿರುವವರಿಗೆ ಎದುರಿನಿಂದ ಬಂದರೆ ದಾರಿ ಬಿಡುವುದೂ ಕಷ್ಟ.

ರಾತ್ರಿ ಶಾಲೆಯ ಹೆಸರು ಪ್ರತಿ ಅಭಿನಂದನಾ ಪತ್ರದಲ್ಲೂ ಬರುವುದು ಇದೇ ಕಾರಣಕ್ಕೆ. ಶಾಲೆ ಫೋನು ಮಾಡುವುದಿಲ್ಲ. ಬ್ಯಾಂಕೂ ಹಾಗೆಯೇ. ಬಿಲ್ಲವರ ಅಸೋಸಿಯೇಷನ್ 1932ರಲ್ಲಿ ಹುಟ್ಟಿತು, 1978ರಲ್ಲಿ ಅದರ ಆಸರೆಯಲ್ಲಿ ಭಾರತ್ ಬ್ಯಾಂಕ್ ಶುರುವಾಯಿತು. ಸಾಲ ಕೊಟ್ಟ ಬ್ಯಾಂಕಿನ ಮೇಲೆ ಯಾರಿಗೂ ಹಗೆ ಇಲ್ಲ. ಬಡ್ಡಿ ಕೇಳುತ್ತದೆ, ಕಂತು ಕೇಳುತ್ತದೆ, ತಪ್ಪಿದರೆ ನೋಟೀಸು ಕಳಿಸುತ್ತದೆ, ಕೊನೆಯ ಕಂತು ಕಟ್ಟಿದ ದಿನ ‘ನೋ ಡ್ಯೂಸ್’ ಎಂದು ಸೀಲು ಹಾಕಿದ ಕಾಗದ ಕೊಟ್ಟು ಮರೆತುಬಿಡುತ್ತದೆ. ಸೋದರಮಾವನ ಶಾಖೆಯಲ್ಲಿ ಆ ಕಾಗದ ಸಿಗುವುದಿಲ್ಲ. ಅಲ್ಲಿ ಬಡ್ಡಿ ಇಲ್ಲ, ಕಂತಿಲ್ಲ, ಹಾಗಾಗಿ ಮುಗಿಯುವ ದಿನವೂ ಇಲ್ಲ.

ಮಕ್ಕಳಿಗೆ ಇದರ ತರಬೇತಿ ಬೇಗ ಶುರುವಾಗಲಿ ಎಂದು ನಾವು ವಿದ್ಯಾರ್ಥಿವೇತನ ವಿತರಣೆ ಇಟ್ಟುಕೊಂಡಿದ್ದೇವೆ. ಲಕೋಟೆಯ ಒಂದು ತುದಿ ದಾನಿಯ ಕೈಯಲ್ಲಿ, ಇನ್ನೊಂದು ತುದಿ ಹುಡುಗಿಯ ಕೈಯಲ್ಲಿ. ಫೋಟೋದವನು ‘ಆಯ್ತು’ ಎನ್ನುವ ತನಕ ದಾನಿ ಬಿಡುವಂತಿಲ್ಲ, ಹುಡುಗಿ ಎಳೆಯುವಂತಿಲ್ಲ. ಕೆಲವು ಕಡೆ ಇದನ್ನು ದತ್ತು ಸ್ವೀಕಾರ ಎನ್ನುತ್ತಾರೆ. ಹೆತ್ತ ಅಪ್ಪ, ವಾಶಿಯಲ್ಲಿ ರಾತ್ರಿಪಾಳಿ ಮುಗಿಸಿ ಬಂದವನು, ಹಿಂದಿನ ಸಾಲಿನಲ್ಲಿ ಕೂತು ತನ್ನ ಮಗಳನ್ನು ಬೇರೆಯವರು ದತ್ತು ತೆಗೆದುಕೊಳ್ಳುವುದಕ್ಕೆ ಚಪ್ಪಾಳೆ ತಟ್ಟಬೇಕು. ಆಮೇಲೆ ಹುಡುಗಿ ಸಂಘಕ್ಕೆ ಧನ್ಯವಾದ ಹೇಳುವ ಎರಡು ಮಾತು. ಮುಂದೆ ಅವಳು ಚಾರ್ಟರ್ಡ್ ಅಕೌಂಟೆಂಟ್ ಆಗಿ, ಸಂಘದ ಯಾವ ಕರೆಗೂ ಬಾರದೆ ಹೋದಾಗ, ‘ನೋಡಿ, ನಮ್ಮ ದುಡ್ಡಲ್ಲಿ ಓದಿ ಈಗ ನಮ್ಮ ಗುರ್ತವೇ ಇಲ್ಲ’ ಎಂದು ಕಾರ್ಯಕಾರಿ ಸಮಿತಿ ನೊಂದುಕೊಳ್ಳುತ್ತದೆ. ಲೆಕ್ಕ ಕಲಿತವಳಿಗೆ ಆ ಲಕೋಟೆಯ ಲೆಕ್ಕ ಗೊತ್ತಾಗಿಬಿಟ್ಟಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಹಾಗಾದರೆ ತೀರಿಸಿಬಿಡಬಹುದಲ್ಲ ಎಂದು ನೀವು ಕೇಳಬಹುದು. ಸ್ವಂತ ಹೋಟೆಲು ಗಟ್ಟಿಯಾಗಿ ನೆಲೆನಿಂತ ಮೇಲೆ ನಮ್ಮ ಸನ್ಮಾನಿತರೂ ಒಮ್ಮೆ ಹಾಗೆಯೇ ಯೋಚಿಸುತ್ತಾರೆ. ಟಿಕೆಟಿನಿಂದ ಹಿಡಿದು ಅಡ್ವಾನ್ಸಿಗೆ ಕೈಗಡ ಕೊಟ್ಟದ್ದರ ತನಕ ಲೆಕ್ಕ ಹಾಕಿ, ಬಡ್ಡಿ ಸೇರಿಸಿ, ಹಣ್ಣುಹಂಪಲಿನ ಜೊತೆ ಲಕೋಟೆ ಹಿಡಿದು ಧಣಿಯ ಮನೆಗೆ ಹೋಗುತ್ತಾರೆ. ಧಣಿಯ ಮುಖ ಕೆಂಪಾಗುತ್ತದೆ. ‘ನಾನು ದುಡ್ಡಿಗೋಸ್ಕರ ಮಾಡಿದ್ದಾ? ಎಂತ ಮಾತು ಆಡ್ತೀಯ ನೀನು! ತೆಗಿ ಅದನ್ನು ಇಲ್ಲಿಂದ. ಕೂತುಕೋ, ಊಟ ಮಾಡಿಕೊಂಡೇ ಹೋಗಬೇಕು.’ ಹಣ್ಣು ಒಳಗೆ ಹೋಗುತ್ತದೆ, ಲಕೋಟೆ ಜೇಬಿಗೆ ಮರಳುತ್ತದೆ, ಹಳೆಯ ಲೆಕ್ಕಕ್ಕೆ ಒಂದು ಊಟ ಸೇರುತ್ತದೆ. ಮುಂದಿನ ಮದುವೆಯಲ್ಲಿ ಧಣಿ ಪಕ್ಕದ ಕುರ್ಚಿಯವರ ಕಡೆ ವಾಲಿದಾಗ ಹೇಳುವುದಕ್ಕೆ ಹೊಸತೊಂದು ಸಾಲು ಸಿಕ್ಕಿರುತ್ತದೆ: ‘ಕೊಟ್ಟದ್ದನ್ನು ವಾಪಸು ತಂದಿದ್ದ. ನಾನು ಮುಟ್ಟಲೂ ಇಲ್ಲ.’